ಮಾತು ಕಮ್ಮಿ ಇರುವವರ ಕಾಲೇಜಿನ ಮೊದಲ ವರ್ಷ: ನಾನು ಮಾಡಿಕೊಂಡ ಏರ್ಪಾಡು

"ಎಲ್ಲರ ಜೊತೆ ಬೆರೀಬೇಕಪ್ಪ" ಅನ್ನುವ ಬುದ್ಧಿಮಾತು ನಾಚಿಕೆಯವರಿಗೆ ಉಪಯೋಗಕ್ಕೆ ಬರುವುದಿಲ್ಲ. ಬೆರೆಯುವುದು ಹೇಗೆ ಅಂತ ಗೊತ್ತಿದ್ದರೆ ತೊಡಕೇ ಇರುತ್ತಿರಲಿಲ್ಲವಲ್ಲ! ನನಗೆ ಒದಗಿದ್ದು ಬೇರೆ: ಮಾತಿಗೊಂದು ಕೆಲಸ ಹಚ್ಚುವುದು, ಮೊದಲ ವಾಕ್ಯ ಮುಂಚೆಯೇ ಸಿದ್ಧ ಇಟ್ಟುಕೊಳ್ಳುವುದು. ಶಂಕರಘಟ್ಟದ ಜ್ಞಾನಸಹ್ಯಾದ್ರಿಯನ್ನು, ಅಂದರೆ ಕುವೆಂಪು ವಿಶ್ವವಿದ್ಯಾಲಯದ ಆವರಣವನ್ನು, ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಶಿವಮೊಗ್ಗ ಪೇಟೆಯ ಡಿಗ್ರಿ ಕಾಲೇಜಿಗೂ ಹೆಚ್ಚುಕಮ್ಮಿ ಇದೇ ಸರಿಹೋಗುತ್ತದೆ.

ತರಗತಿಯಲ್ಲಿ ಮೊದಲ ಮಾತು ಹಾಜರಿಯದ್ದು. ಸಣ್ಣ ದನಿಯಲ್ಲಿ "ಎಸ್ ಸರ್" ಅಂದರೆ ಆಬ್ಸೆಂಟ್ ಬೀಳುತ್ತದೆ. ಆಮೇಲೆ ಮೇಷ್ಟ್ರ ಹತ್ತಿರ ಹೋಗಿ ಅದನ್ನು ತಿದ್ದಿಸುವುದು ಇನ್ನೂ ಕಷ್ಟ, ಹಾಗಾಗಿ ಹೋಗುವುದೇ ಇಲ್ಲ. ಸೆಮಿಸ್ಟರ್ ಕೊನೆಗೆ ಹಾಜರಿ ಶೇ. 75 ಮುಟ್ಟದೆ ಪೇಚಾಟ. ಕೊನೆಯ ಬೆಂಚು ಅಡಗಿ ಕೂರಲು ಹಿತವೆನಿಸುತ್ತದೆ ನಿಜ, ಆದರೆ ಅಲ್ಲಿಂದ ಕೂಗಿಯೇ ಮಾತಾಡಬೇಕು. ಎರಡನೇ ಅಥವಾ ಮೂರನೇ ಸಾಲಿನ ತುದಿ ಹಿಡಿದರೆ ಮೆಲುದನಿಯೂ ಸಾಕಾಗುತ್ತದೆ. ಸಂದೇಹವಿದ್ದರೆ ತರಗತಿ ಮುಗಿದ ಕೂಡಲೇ ಬಾಗಿಲ ಹತ್ತಿರ ಕೇಳಿ, ನೋಟ್ಸಿನ ಆ ಸಾಲಿಗೆ ಬೆರಳಿಟ್ಟು.

ನಮ್ಮ ಕಡೆ ಪರಿಚಯ ಶುರುವಾಗುವುದೇ "ಯಾವೂರಾಯ್ತು?" ಅನ್ನುವಲ್ಲಿಂದ. "ಹೊಸನಗರ" ಅಂದು ಸುಮ್ಮನಾದರೆ ಎದುರಿನವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. "ಹೊಸನಗರ ತಾಲ್ಲೂಕು, ನಿಟ್ಟೂರು. ಕೊಲ್ಲೂರಿಗೆ ಹೋಗೋ ದಾರೀಲಿ ಸಿಗುತ್ತಲ್ಲ, ಅದು" ಅನ್ನಿ, ಕೊಲ್ಲೂರಿಗೆ ಹೋಗಿಬಂದವರು ಯಾರಿಲ್ಲ? ಊರು, ಗುರುತಿನ ಜಾಗ, ಆಮೇಲೆ ತಿರುಗಿ "ನಿಮ್ದು?" ಇವು ಮೂರು ಸಾಕು. ಮುಂದಿನದನ್ನು ಮಳೆ, ಅಡಿಕೆ ರೇಟು ನೋಡಿಕೊಳ್ಳುತ್ತವೆ. ಶಂಕರಘಟ್ಟದ ಪಕ್ಕದ ಬಿ.ಆರ್.ಪಿ.ಯ (ಭದ್ರಾ ರಿವರ್ ಪ್ರಾಜೆಕ್ಟ್) ಬಸ್ಸಿನಲ್ಲಿ ಓಡಾಡುವವರು ದಿನಾ ಒಂದೇ ಹೊತ್ತಿನ ಬಸ್ಸು ಹಿಡಿಯಬೇಕು. ಮುಖ ಪದೇ ಪದೇ ಕಂಡರೆ ಪರಿಚಯ ತಾನಾಗಿ ಅರ್ಧ ಆಗಿರುತ್ತದೆ.

ಹಾಸ್ಟೆಲಿನವರ ದೊಡ್ಡ ತಪ್ಪು ಎಂದರೆ ಪ್ರತಿ ಶನಿವಾರ ಊರಿನ ಬಸ್ಸು ಹತ್ತುವುದು. ಬಟ್ಟೆ ಒಗೆಯುವುದು, ಪೇಟೆಗೆ ಹೋಗುವುದು, ಹರಟೆ, ಎಲ್ಲ ನಡೆಯುವುದೇ ಭಾನುವಾರ. ತಿಂಗಳಿಗೆ ಎರಡು ಭಾನುವಾರವಾದರೂ ಉಳಿಯಬೇಕು. ಅಡಿಕೆಯ ಕೊನೆಕೊಯ್ಲಿನ ಹೊತ್ತಲ್ಲಿ ಮನೆಯವರು ಕರೆದೇ ಕರೆಯುತ್ತಾರೆ, ಆದ್ದರಿಂದ ಉಳಿಯುವುದನ್ನು ಮಳೆಗಾಲದಲ್ಲೇ ಮುಗಿಸಿಕೊಳ್ಳಿ. ಕರೆಂಟು ಹೋದಾಗ ಎಲ್ಲರೂ ಕಾರಿಡಾರಿಗೆ ಬರುತ್ತಾರೆ, ನೀವೂ ಬನ್ನಿ. ಕತ್ತಲಲ್ಲಿ ಮುಖ ನೋಡಿ ಮಾತಾಡುವ ಸಂಕಟವಿಲ್ಲ.

ಎಲ್ಲಕ್ಕಿಂತ ಹೆದರಿಸುವುದು ತರಗತಿಯ ಮುಂದೆ ನಿಂತು ಮಾತಾಡುವ ಸೆಮಿನಾರ್. ಪಟ್ಟಿ ಹಾಕಿದಾಗ ಮೊದಲ ಮೂರು ನಾಲ್ಕು ಜನರೊಳಗೆ ಹೆಸರು ಬರೆಸಿ. ಹೋಲಿಸಿ ನೋಡಲು ಆಗಿನ್ನೂ ಯಾರೂ ಇರುವುದಿಲ್ಲ, ದಿಗಿಲು ಪಡುವ ದಿನಗಳೂ ಕಮ್ಮಿ. ಹತ್ತು ನಿಮಿಷಕ್ಕೆ ಎ4 ಹಾಳೆಯಲ್ಲಿ ಕೈಬರಹದ ನಾಲ್ಕೈದು ಪುಟ ಬರೆದು, ಅದನ್ನು ನಾಲ್ಕು ರಟ್ಟಿನ ಚೀಟಿಗೆ ಇಳಿಸಿ. ತೆಳು ಹಾಳೆ ಕೈಯಲ್ಲಿ ನಡುಗಿದರೆ ಎಲ್ಲರಿಗೂ ಕಾಣುತ್ತದೆ, ರಟ್ಟು ಅಷ್ಟು ಅಲುಗುವುದಿಲ್ಲ. ಮೊದಲ ಮೂರು ವಾಕ್ಯ ಮಾತ್ರ ಬಾಯಿಪಾಠ. ಪೂರ್ತಿ ಬಾಯಿಪಾಠ ಮಾಡಿದರೆ ಒಂದು ಪದ ತಪ್ಪಿದ ಕಡೆ ಎಲ್ಲವೂ ನಿಂತುಹೋಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಸಂಜೆ ಖಾಲಿ ಕ್ಲಾಸ್‌ರೂಮಿನಲ್ಲಿ ಗಡಿಯಾರ ಇಟ್ಟುಕೊಂಡು ಬಾಯಿಬಿಟ್ಟು ಹೇಳಬೇಕು. ಮನಸ್ಸಲ್ಲೇ ಓದಿಕೊಂಡರೆ ಉಸಿರು ಎಲ್ಲಿ ಸಾಲದು ಎಂದು ತಿಳಿಯುವುದಿಲ್ಲ. ಅಳುಕಿದಾಗ ಮಾತಿನ ಓಟ ಹೆಚ್ಚಿ ಹತ್ತು ನಿಮಿಷದ್ದು ಆರೇಳಕ್ಕೆ ಮುಗಿಯುತ್ತದೆ, ಅದಕ್ಕೆ ಒಂದು ಉದಾಹರಣೆ ಹೆಚ್ಚಿಗೆ ಇರಲಿ. ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ "ನೋಡ್ಕೊಂಡು ನಾಳೆ ಹೇಳ್ತೀನಿ ಸರ್" ಅನ್ನಿ, ಮರುದಿನ ಹೋಗಿ ಹೇಳಿಯೂ ಬನ್ನಿ. ಅಂದಹಾಗೆ, ಸಾವಿಟ್ಸ್ಕಿ ಮತ್ತು ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳಗಿನ ಅಳುಕು ನಾವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ ಎಂದು ಮೊದಲೇ ತಿಳಿಸಲಾದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದ್ದರು.

ಕಾಲೇಜು ಆಫೀಸಿನ ಕೆಲಸಕ್ಕೆ ಹೆಸರು, ರಿಜಿಸ್ಟರ್ ನಂಬರು, ಬೇಕಾದ ಕೆಲಸ ಇಷ್ಟನ್ನು ಚೀಟಿಯಲ್ಲಿ ಬರೆದು, ಜೆರಾಕ್ಸ್ ಸೆಟ್ಟಿನ ಮೇಲೆ ಪಿನ್ ಮಾಡಿ ಕೊಟ್ಟರಾಯಿತು.

ಡಿಗ್ರಿಯವರಿಗೆ ಎನ್.ಎಸ್.ಎಸ್. (ರಾಷ್ಟ್ರೀಯ ಸೇವಾ ಯೋಜನೆ) ಅನುಕೂಲ. ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ಶಿಬಿರದಲ್ಲಿ ವೇದಿಕೆಯ ಕಡೆ ಹೋಗದೆ ಅಡುಗೆ ತಂಡ ಸೇರಿ. ಈರುಳ್ಳಿ ಹೆಚ್ಚುತ್ತಾ ಕೂತವರ ನಡುವೆ ಮೌನ ಯಾರಿಗೂ ಭಾರವಲ್ಲ, ಮಾತು ಬಂದರೂ ಅಡ್ಡಿಲ್ಲ.

ಇಷ್ಟಾದರೂ ಕೆಲವೊಮ್ಮೆ ವಿಷಯ ನಾಚಿಕೆಯನ್ನು ದಾಟಿರುತ್ತದೆ. ಜನ ಇರುತ್ತಾರೆಂದು ಮೆಸ್ಸಿಗೆ ಹೋಗದಿರುವುದು, ನಿದ್ದೆ ಕೆಡುವುದು, ವಾರಗಟ್ಟಲೆ ಕ್ಲಾಸ್ ತಪ್ಪಿಸುವುದು ಅದರ ಗುರುತು. ಆಗ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮೊದಲ ವಾಕ್ಯ ಬರೆದಿಟ್ಟುಕೊಳ್ಳಿ: "ನಾನು ಹಾಸ್ಟೆಲಲ್ಲಿದ್ದೀನಿ, ಎರಡು ವಾರದಿಂದ ಕ್ಲಾಸಿಗೆ ಹೋಗೋಕಾಗ್ತಿಲ್ಲ."