ಹುಳ ತಿಂದ ಕೋಟು ತಿರುವಿ ಹೊಲಿದದ್ದು: ನನ್ನ ಅನುಭವ

ಕೋಟು ಹಾಳಾದರೆ ಎರಡೇ ದಾರಿ ಅಂತ ನಮ್ಮ ಟೈಲರ್‌ಗಳೆಲ್ಲ ಹೇಳುತ್ತಾರೆ. ರಫೂ ಮಾಡಿಸಿ, ಅಂದರೆ ತೂತನ್ನು ಎಳೆ ಎಳೆಯಾಗಿ ನೇಯ್ದು ಮುಚ್ಚಿಸಿ, ಇದ್ದ ಹಾಗೇ ಉಳಿಸಿಕೊಳ್ಳಿ, ಇಲ್ಲವಾದರೆ ಕತ್ತರಿಸಿ ವೇಸ್ಟ್‌ಕೋಟೋ ಬ್ಯಾಗೋ ಮಾಡಿ ಮುಗಿಸಿ. ನಾನು ಎರಡನ್ನೂ ಬಿಟ್ಟೆ. ಕೋಟನ್ನು ಪೂರ್ತಿ ಬಿಚ್ಚಿ, ಬಟ್ಟೆಯ ಒಳಮೈ ಹೊರಗೆ ಬರುವ ಹಾಗೆ ತಿರುವಿ, ಗಂಡಸರ ಕೋಟನ್ನು ನನ್ನ ಅಳತೆಗೆ ಇಳಿಸಿ ಮತ್ತೆ ಹೊಲಿದೆ. ಚಿಕ್ಕಮಗಳೂರಿನ ಚಳಿಯಲ್ಲಿ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ಆಗುವ ಕೆಲಸವಲ್ಲ ಎಂದಿದ್ದ ಮಾಸ್ಟರ್‌ಗಳೇ ಈಗ ಕಾಲರ್ ಎತ್ತಿ ಎತ್ತಿ ನೋಡುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ.

ಕೋಟು ಅಪ್ಪನದು. ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬೂದು ಬಣ್ಣದ, ಮೀನಿನ ಮುಳ್ಳಿನ ಹಾಗೆ ಗೆರೆಯಿರುವ ಹೆರಿಂಗ್‌ಬೋನ್ ಉಣ್ಣೆ, ಒಳಗೆ ಎದೆಗೆ ಆಕಾರ ಕೊಡುವ ಕುದುರೆ ಕೂದಲಿನ ಕ್ಯಾನ್ವಾಸ್, ಬೆಂಗಳೂರಿನಲ್ಲಿ ಹೊಲಿಸಿದ್ದು. ಬಿನ್ನಿ ಬಟ್ಟೆ ಅಂತ ಅಪ್ಪ ಹೇಳುತ್ತಿದ್ದರು. 1884ರಲ್ಲಿ ಶುರುವಾದ ಬೆಂಗಳೂರಿನ ಆ ಮಿಲ್ಲು ಈಗಿಲ್ಲ, ಹಾಗಾಗಿ ಅದೇ ಬಟ್ಟೆ ಹುಡುಕಿ ತಂದು ತೇಪೆ ಹಾಕೋಣ ಅನ್ನುವ ಮಾತೇ ಇಲ್ಲ. ಏನಾದರೂ ಬೇಕಾದರೆ ಕೋಟಿನೊಳಗಿಂದಲೇ ತೆಗೆಯಬೇಕು.

ಹಾಳಾಗಿದ್ದು ಹೀಗೆ. ಕಿಟಕಿ ಪಕ್ಕ ವರ್ಷಗಟ್ಟಲೆ ನೇತಾಡಿ ಭುಜ ಮತ್ತು ಒಂದು ತೋಳು ಬಿಸಿಲಿಗೆ ಹಳದಿಯಾಗಿತ್ತು. ಮೊಣಕೈ ತೆಳುವಾಗಿ ಮಿನುಗುತ್ತಿತ್ತು. ತೋಳಿನ ತುದಿ ಎಳೆ ಬಿಟ್ಟಿತ್ತು. ಎಲ್ಲಕ್ಕಿಂತ ಜಾಸ್ತಿ ಹುಳದ ಕಾಟ. ಬೆನ್ನಲ್ಲಿ, ಎದೆಯ ಮೇಲೆ ಮಡಚಿಕೊಳ್ಳುವ ಲ್ಯಾಪಲ್ ಮೇಲೆ, ಜೇಬಿನ ಬಾಯಿ ಮುಚ್ಚುವ ಫ್ಲಾಪ್‌ನಲ್ಲಿ ಸುಮಾರು ಇಪ್ಪತ್ತು ಕಡೆ ಮೇಯ್ದಿತ್ತು. ಮೇಯ್ದಿತ್ತು ಅಂತ ಬೇಕೆಂದೇ ಹೇಳುತ್ತಿದ್ದೇನೆ. ಒಳಗೆ ಟೇಬಲ್ ಲ್ಯಾಂಪ್ ಇಟ್ಟು ನೋಡಿದರೆ ಬೆಳಕು ಪೂರ್ತಿ ತೂರಿ ಬಂದದ್ದು ಏಳೆಂಟು ಕಡೆ ಮಾತ್ರ. ಉಳಿದ ಕಡೆ ಹುಳ ಮೇಲಿನ ಜುಂಗನ್ನಷ್ಟೇ ತಿಂದು ಮುಂದೆ ಹೋಗಿತ್ತು, ಅಡಿಯ ನೇಯ್ಗೆ ಗಟ್ಟಿ ಇತ್ತು. ತಿರುವಿದರೆ ತಿಂದ ಮೈ ಒಳಗೆ ಹೋಗುತ್ತದೆ, ನನ್ನ ಇಡೀ ಲೆಕ್ಕ ನಿಂತಿದ್ದು ಇದರ ಮೇಲೆ.

ಬೆಂಗಳೂರಿನ ಶಿವಾಜಿನಗರದಲ್ಲಿ ರಫೂ ಮಾಡುವವರಿಗೆ ತೋರಿಸಿದೆ. ತೂತಿಗೆ ಇಷ್ಟು ಅಂತ ಎಣಿಸಿ ಹೇಳುತ್ತಾರೆ, ಗೊತ್ತಲ್ಲ. ಸಣ್ಣದಕ್ಕೆ ಇನ್ನೂರೈವತ್ತು, ದೊಡ್ಡದಕ್ಕೆ ನಾನೂರು. ಒಟ್ಟು ಆರು ಸಾವಿರದ ಹತ್ತಿರ ಬಂತು. ಕೆಲಸ ಚೆನ್ನಾಗೇ ಮಾಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆರು ಸಾವಿರ ಕೊಟ್ಟ ಮೇಲೂ ಭುಜ ಹಳದಿಯೇ, ಮೊಣಕೈ ತೆಳುವೇ, ಅಳತೆ ಅಪ್ಪನದೇ. ಬೀರುವಿಗೆ ವಾಪಸ್ ಹೋಗುವ ಕೋಟಿಗೆ ಅಷ್ಟು ದುಡ್ಡು ಯಾಕೆ?

ಊರಲ್ಲಿ ನನಗೆ ಕಟಿಂಗ್ ಕಲಿಸಿದ ಮಾಸ್ಟರ್ ಹತ್ತಿರ ತಿರುವಿ ಹೊಲಿಯುವ ವಿಷಯ ಎತ್ತಿದೆ.

"ಏನಮ್ಮಾ, ಕೋಟು ಅಂದರೆ ದಿಂಬಿನ ಚೀಲವಾ ತಿರುವಿ ಹಾಕೋಕೆ?" ಅಂದರು. "ಎದೆಯ ಜೇಬು ಬಲಕ್ಕೆ ಬರುತ್ತೆ. ಕಾಜಾ ಬಲಕ್ಕೆ ಬರುತ್ತೆ. ಯಾವ ಗಂಡಸು ಹಾಕ್ಕೋತಾನೆ?"

"ಗಂಡಸು ಯಾಕೆ ಮಾಸ್ಟರ್, ನಾನೇ ಹಾಕ್ಕೋತೀನಿ" ಅಂದೆ.

ಮಾತಿಗೆ ಅಂದದ್ದು, ಆದರೆ ರಾತ್ರಿ ಮಲಗಿದಾಗ ಹೊಳೆಯಿತು. ಗಂಡಸರ ಕೋಟಿನಲ್ಲಿ ಕಾಜಾ ಎಡಗಡೆ. ಬಟ್ಟೆ ತಿರುವಿದರೆ ಎಡಭಾಗ ಬಲಕ್ಕೆ ಬರುತ್ತದೆ, ಕಾಜಾ ಕೂಡ ಬಲಕ್ಕೆ. ಹೆಂಗಸರ ಕೋಟಿಗೆ ಅದೇ ತಾನೇ ಬೇಕಾಗಿರುವುದು! ಎರಡನೇ ಮಹಾಯುದ್ಧದಲ್ಲೂ ಅದರ ಬೆನ್ನಲ್ಲೂ, 1941ರಿಂದ 1949ರ ತನಕ, ಬ್ರಿಟನ್‌ನಲ್ಲಿ ಬಟ್ಟೆಗೆ ರೇಷನ್ ಕೂಪನ್ ಇತ್ತು. ಆಗ ಕೋಟು ತಿರುವುವುದು ಮಾಮೂಲಿ ಕೆಲಸ, ಗಂಡಸರ ಸೂಟನ್ನು ಹೆಂಗಸರ ಅಳತೆಗೆ ಇಳಿಸುವುದೂ ಮಾಮೂಲಿ. ನಾನು ಕಂಡುಹಿಡಿದದ್ದು ಏನೂ ಇಲ್ಲ. ರಿಪೇರಿ, ಆಲ್ಟರೇಷನ್ ಎರಡನ್ನೂ ಒಂದೇ ಕೆಲಸದಲ್ಲಿ ಮುಗಿಸಿದೆ, ಅಷ್ಟೇ.

ನೇರ ಅಪ್ಪನ ಕೋಟಿಗೆ ಬ್ಲೇಡ್ ಹಾಕುವ ಧೈರ್ಯ ಇರಲಿಲ್ಲ. ಬೆಂಗಳೂರಿನ ಸಂಡೇ ಬಜಾರ್‌ನಿಂದ ನೂರೈವತ್ತು, ಇನ್ನೂರು ಕೊಟ್ಟು ಹಳೇ ಕೋಟುಗಳನ್ನು ತಂದು ಕೈ ಪಳಗಿಸಿಕೊಂಡೆ. ಮೊದಲಿನದು ನೀಲಿ ಬ್ಲೇಜರ್. ಬಿಚ್ಚಿದರೆ ಒಳಗೆ ಕ್ಯಾನ್ವಾಸ್ ಇಲ್ಲ, ಬರೀ ಪೇಸ್ಟಿಂಗ್, ಅಂದರೆ ಗೋಂದಿನಿಂದ ಅಂಟಿಸಿದ ಬಟ್ಟೆ. ಬಿಸಿ ಇಸ್ತ್ರಿ ಇಟ್ಟು ಎಳೆದೆ, ಪೇಸ್ಟಿಂಗ್ ಬಂತು, ಗೋಂದಿನ ಚುಕ್ಕೆ ಬಟ್ಟೆ ಮೇಲೇ ಉಳಿಯಿತು. ಆ ಮೈಯನ್ನೇ ಹೊರಗೆ ತರಬೇಕಲ್ವಾ, ಹೇಗೆ ತರುವುದು? ಅದು ಹೋಯಿತು. ಇನ್ನೊಂದರಲ್ಲಿ ಹೊರಗೆ ನುಣುಪು, ಒಳಗೆ ಗೋಣಿಯ ಹಾಗೆ ಒರಟು. ಅದೂ ಹೋಯಿತು. ಟ್ವಿಲ್ ಕೋಟೊಂದು ಪರವಾಗಿಲ್ಲ ಅನ್ನಿಸಿತು, ಓರೆ ಗೆರೆ ಮಾತ್ರ ಉಲ್ಟಾ ದಿಕ್ಕಿಗೆ ಓಡುತ್ತದೆ. ಹೆರಿಂಗ್‌ಬೋನ್‌ನಲ್ಲಿ ಆ ತಲೆನೋವೂ ಇಲ್ಲ, ಗೆರೆ ಎರಡೂ ಕಡೆಗೆ ಓಡುತ್ತದೆ. ಈ ಕಲಿಕೆಗೆ ಬಸ್ ಚಾರ್ಜ್ ಸೇರಿ ಸಾವಿರದಿನ್ನೂರು ಖರ್ಚಾಗಿರಬಹುದು. ನನ್ನ ಗಂಡ ಆ ಲೆಕ್ಕವನ್ನು ಈಗಲೂ ಮರೆತಿಲ್ಲ.

ಹಾಗಾಗಿ ಬಿಚ್ಚುವ ಮೊದಲೇ ನೋಡಿಬಿಡಿ. ಎದೆಯ ಹತ್ತಿರ ಮೇಲಿನ ಬಟ್ಟೆ, ಅಡಿಯ ಬಟ್ಟೆ ಎರಡನ್ನೂ ಬೆರಳಲ್ಲಿ ಹಿಡಿದು ಎಳೆದರೆ ಮಧ್ಯೆ ಮೂರನೆಯದೊಂದು ಸಡಿಲವಾಗಿ ಜಾರಬೇಕು. ಜಾರಿದರೆ ಕ್ಯಾನ್ವಾಸ್, ಜಾರದಿದ್ದರೆ ಪೇಸ್ಟಿಂಗ್, ಆಸೆ ಬಿಟ್ಟುಬಿಡಿ. ಆಮೇಲೆ ಕೆಳಗಿನ ಲೈನಿಂಗ್ ನಾಲ್ಕು ಬೆರಳಷ್ಟು ಬಿಚ್ಚಿ ಒಳಮೈಯ ಬಣ್ಣ ನೋಡಿ. ಅಪ್ಪನ ಕೋಟಿನಲ್ಲಿ ಒಳಗಿನ ಬೂದು ಹೊಸ ಬಟ್ಟೆಯಷ್ಟೇ ಕಡುವಾಗಿತ್ತು. ಇಷ್ಟು ವರ್ಷ ಲೈನಿಂಗ್ ಅದನ್ನು ಬಿಸಿಲಿನಿಂದ ಕಾಪಾಡಿತ್ತು. ಕೊನೆಗೆ, ಮೊಣಕೈಯ ಎರಡೂ ಪಕ್ಕ ಹೆಬ್ಬೆರಳಿಟ್ಟು ಎಳೆಯಿರಿ. ಚರ್ ಅಂದರೆ ಉಣ್ಣೆ ಸತ್ತಿದೆ, ರಫೂ ಕೂಡ ನಿಲ್ಲುವುದಿಲ್ಲ.

ಮೊದಲು ಹುಳ ಸಾಯಿಸಬೇಕಿತ್ತು. ಡಾಂಬರ್ ಗುಳಿಗೆ ನಂಬಿಕೊಂಡರೆ ಆಗಲ್ಲ. ಕಾಲರ್ ಅಡಿ, ಜೇಬಿನ ಮೂಲೆ ಎಲ್ಲ ಬ್ರಷ್ ಹಾಕಿ ಉಜ್ಜಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ, ಪರಿಚಯದ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನ ತಳದಲ್ಲಿ ಎರಡು ವಾರ ಇಟ್ಟೆ. ಅವರದು ಮೈನಸ್ 18 ಡಿಗ್ರಿ ಇರುತ್ತದೆ. ಹೊರಗೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಚಬೇಡಿ, ನೀರು ಕೂರುತ್ತದೆ.

ಬಿಚ್ಚುವುದಕ್ಕೆ ಸಂಜೆಗಳು ಲೆಕ್ಕವಿಲ್ಲದಷ್ಟು ಹಿಡಿದವು. ತುಂಡುಗಳ ಮೇಲೆ ಎಡ, ಬಲ ಅಂತ ಚಾಕ್‌ನಲ್ಲಿ ಬರೆದರೆ ತಿರುವಿದ ಮೇಲೆ ನಮಗೇ ಗೊಂದಲ. ನಾನು ಮುಂದೆ ಬಲಕ್ಕೆ ಬರುವುದಕ್ಕೆಲ್ಲ ಕೆಂಪು ದಾರ, ಎಡಕ್ಕೆ ಬರುವುದಕ್ಕೆ ಬಿಳಿ ದಾರ ಕಟ್ಟಿದೆ. ಕ್ಯಾನ್ವಾಸ್ ವಿಷಯ ಹುಷಾರು: ಬಟ್ಟೆ ಎಡ-ಬಲ ಬದಲಾಗುತ್ತದೆ, ಕ್ಯಾನ್ವಾಸ್ ಬದಲಾಗುವುದಿಲ್ಲ. ಬಲದ್ದು ಬಲಕ್ಕೇ ಇರುತ್ತದೆ. ಅದನ್ನು ಬಿಸಿನೀರಲ್ಲಿ ನೆನೆಸಿ ಒಣಗಿಸಿ, ನನ್ನ ಅಳತೆಗೆ ಕತ್ತರಿಸಿ ಮತ್ತೆ ಹಾಕಿದೆ. ಹೊಸದು ತರಲು ಹೋಗಲಿಲ್ಲ. ಈಗ ಸಿಗುವುದಕ್ಕಿಂತ ಅದೇ ಚೆನ್ನಾಗಿತ್ತು.

ಹಳೇ ಮಡಿಕೆ ಗೆರೆ ಹೋಗಿಸುವುದೇ ದೊಡ್ಡ ಸಾಹಸ. ಹಳೇ ಪಂಚೆ ತುಂಡನ್ನು ಒದ್ದೆ ಮಾಡಿ ಮೇಲೆ ಹಾಸಿ, ಇಸ್ತ್ರಿಯನ್ನು ಎಳೆಯದೆ ಒತ್ತಿ ಒತ್ತಿ ಎತ್ತಬೇಕು. ಬಟ್ಟೆ ಪೂರ್ತಿ ತಣ್ಣಗಾಗುವ ತನಕ ಮುಟ್ಟಬಾರದು. ನೀರಿಗೆ ವಿನಿಗರ್ ಸೇರಿಸುತ್ತೇನೆ, ಒಂದು ಪಾಲಿಗೆ ಮೂರು ಪಾಲು ನೀರು. ಅದರ ಜೊತೆ ಇನ್ನೊಂದು ಹಾಕುತ್ತೇನೆ. ಅದು ನನ್ನ ಹೊಲಿಗೆ ಅಂಗಡಿಯ ಗುಟ್ಟು, ಇಲ್ಲಿ ಬೇಡ.

ಅಳತೆ ನೆನಪಿದ್ದಷ್ಟು ಹೇಳುತ್ತೇನೆ. ಭುಜ ಹದಿನೆಂಟು ಇಂಚಿದ್ದದ್ದು ಹದಿನೈದೂವರೆಗೆ ಬಂತು. ಆರ್ಮ್‌ಹೋಲ್ ಹೊಸದಾಗಿ ಕತ್ತರಿಸಿದ್ದರಿಂದ ಅದಕ್ಕೆ ಕೂರುವ ತೋಳಿನ ಮೇಲ್ತುದಿಯನ್ನೂ ಬದಲಾಯಿಸಬೇಕಾಯಿತು. ತೋಳು ಎರಡೂವರೆ ಇಂಚು ಕಡಿಮೆ, ಎಳೆ ಬಿಟ್ಟ ತುದಿ ಅಲ್ಲೇ ಹೋಯಿತು. ಉದ್ದ ಮೂರು ಇಂಚು ಕಡಿಮೆ. ಈ ಮೂರು ಇಂಚಿನ ಪಟ್ಟಿಯೇ ನನ್ನ ಬಂಡವಾಳ. ಹುಳ ತಿಂದ ಫ್ಲಾಪ್ ಎಸೆದು, ಪಟ್ಟಿಯಿಂದ ಸ್ವಲ್ಪ ಅಗಲದ ಹೊಸ ಫ್ಲಾಪ್ ಮಾಡಿದೆ. ಜೇಬಿನ ಬಾಯಿಯ ಸವೆದ ಮೂಲೆಗಳು ಅದರಡಿ ಮುಚ್ಚಿಹೋದವು. ಉಳಿದ ತುಂಡಿನಿಂದ ಎಳೆ ಎಳೆಯಾಗಿ ನೂಲು ತೆಗೆದು ರಫೂಗೆ ಇಟ್ಟುಕೊಂಡೆ.

ಭುಜ, ಪಕ್ಕ, ಫ್ಲಾಪ್‌ನಲ್ಲಿದ್ದ ತೂತುಗಳು ಕತ್ತರಿಗೇ ಹೋದವು. ಬೆನ್ನಿನ ಸಣ್ಣವನ್ನು ನಾನೇ ಮಾಡಿದೆ. ಲ್ಯಾಪಲ್ ಮೇಲಿದ್ದ ಎರಡನ್ನು ಮಾತ್ರ, ನಮ್ಮದೇ ನೂಲಿನ ಜೊತೆ, ಶಿವಾಜಿನಗರಕ್ಕೆ ಕಳಿಸಿದೆ. ಎಂಟುನೂರು ತೆಗೆದುಕೊಂಡರು. ಎಲ್ಲಿತ್ತು ಅಂತ ನನಗೇ ಹುಡುಕಲು ಆಗುವುದಿಲ್ಲ, ಹಾಗೆ ಮಾಡಿಕೊಟ್ಟರು. ಮೊಣಕೈಗೆ ಚರ್ಮದ ತೇಪೆ ಹಾಕು ಅಂತ ಎಲ್ಲರೂ ಹೇಳಿದರು. ನನಗೆ ಅದು ಇಷ್ಟವಿಲ್ಲ, ಎಲ್ಲರ ಕೋಟಲ್ಲೂ ಅದೇ. ಒಳಗಿನಿಂದ ತೆಳು ಹತ್ತಿಯ ಮಲ್ ಬಟ್ಟೆ ಇಟ್ಟು, ಹೊರಗೆ ಒಂದೇ ಎಳೆ ಹಿಡಿಯುವ ಹಾಗೆ ಸಣ್ಣ ಸಣ್ಣ ಕೈಹೊಲಿಗೆ ಹಾಕಿದೆ.

ಕಾಜಾದ ಹಳೇ ದಾರ ಬಿಚ್ಚಿ, ಈ ಮೈಯಿಂದ ರೇಷ್ಮೆ ದಾರದಲ್ಲಿ ಮತ್ತೆ ಕಟ್ಟಿದೆ. ಬಾಯಿ ಸಡಿಲವಾಗಿದ್ದರೆ ಬಿಗಿ ಮಾಡುವ ಒಂದು ಉಪಾಯ ಇದೆ. ಅಂಗಡಿಗೆ ಬಂದರೆ ತೋರಿಸುತ್ತೇನೆ. ಎದೆಯ ಜೇಬು ಬಲಕ್ಕೆ ಬಂದದ್ದನ್ನು ಹಾಗೇ ಬಿಟ್ಟೆ. ಇಲ್ಲಿಯವರೆಗೆ ಅದನ್ನು ಗುರುತಿಸಿದವರು ಟೈಲರ್‌ಗಳು ಮಾತ್ರ.

ಮಧ್ಯೆ ಬೇಡದ ಪ್ರಯೋಗಗಳೂ ನಡೆದವು. ಹಳದಿ ಭುಜಕ್ಕೆ ಕಾಫಿ ಡಿಕಾಕ್ಷನ್ ಹಚ್ಚಿದರೆ ಬಣ್ಣ ಕೂರುತ್ತಾ ಅಂತ ಕತ್ತರಿಸಿ ಬಿದ್ದ ತುಂಡಿನ ಮೇಲೆ ನೋಡಿದೆ. ಕೂರುತ್ತದೆ, ಆದರೆ ಚುಕ್ಕೆ ಚುಕ್ಕೆ. ವಾಸನೆ ಮಾತ್ರ ಸೊಗಸು! ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಾಕುತ್ತಾರಲ್ಲ, ಅದನ್ನು ಕಾಲರ್ ಒಳಗಿನ ತುಂಡಿಗೆ ಹಚ್ಚಿದೆ. ಒಣಗಿದಾಗ ಕಾಲರ್ ನೆಟ್ಟಗೆ ನಿಂತಿತು, ನನಗೂ ಖುಷಿಯಾಯಿತು. ಜೂನ್ ಮಳೆ ಹಿಡಿದ ಮೇಲೆ ಬೂಷ್ಟು ಬಂತು. ಕಿತ್ತು ಹಾಕಿದೆ. ಕಂಬಳಿಯ ಕುರಿ ಉಣ್ಣೆಯನ್ನು ಸೂಜಿಯಲ್ಲಿ ಚುಚ್ಚಿ ತೂತಿಗೆ ತುಂಬುವುದನ್ನೂ ನೋಡಿದೆ. ದಖನಿ ಕುರಿಯ ಉಣ್ಣೆ ತುಂಬಾ ಒರಟು, ಕೋಟಿನ ಬಟ್ಟೆಗೆ ಹೊಂದಲ್ಲ.

ದುಡ್ಡಿನ ಲೆಕ್ಕ: ಚಿಕ್ಕಪೇಟೆಯಿಂದ ತಂದ ಲೈನಿಂಗ್ ಎರಡೂವರೆ ಮೀಟರ್ ಮುನ್ನೂರರ ಆಸುಪಾಸು, ಶೋಲ್ಡರ್ ಪ್ಯಾಡು, ರೇಷ್ಮೆ ದಾರ ಸೇರಿ ಇನ್ನೂರು, ರಫೂ ಎಂಟುನೂರು. ಗುಂಡಿ ಹಳೆಯವೇ. ಸಾವಿರದ ಮುನ್ನೂರು, ನಾನೂರಿನೊಳಗೆ ಮುಗಿಯಿತು. ಇಂಥದ್ದೇ ಉಣ್ಣೆ ಹೊಸದಾಗಿ ತಂದು ಹೊಲಿಸಿದರೆ ಏಳೆಂಟು ಸಾವಿರಕ್ಕೆ ಕಡಿಮೆ ಇಲ್ಲ. ನನ್ನ ಕೂಲಿ ಸೇರಿಸಿಲ್ಲ, ನಿಜ. ಒಂದು ತಿಂಗಳ ಸಂಜೆಗೆ ಕೂಲಿ ಹಾಕಿದರೆ ಹೊಸ ಕೋಟೇ ಅಗ್ಗ. ಅದಕ್ಕೇ ಬೇರೆಯವರಿಗೆ ಮಾಡಿಕೊಡುವಾಗ ನಾಲ್ಕೂವರೆ ಸಾವಿರ ಮೊದಲೇ ಹೇಳುತ್ತೇನೆ. ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಅಲ್ಲೇ ಹಿಂದೆ ಸರಿಯುತ್ತಾರೆ, ಒಳ್ಳೆಯದೇ.

ಸುದ್ದಿ ಹರಡಿದ ಮೇಲೆ ಕೋರ್ಟ್ ಕಡೆಯಿಂದ ವಕೀಲರು ಮಿನುಗುವ ಕರಿ ಕೋಟುಗಳನ್ನು ತರುತ್ತಿದ್ದಾರೆ. ಒಂದು ಎಳೆ ಕಿತ್ತು ಸುಟ್ಟರೆ ಕೂದಲು ಸುಟ್ಟ ವಾಸನೆ ಬರುವುದಿಲ್ಲ, ಪ್ಲಾಸ್ಟಿಕ್ ಗುಂಡಾಗಿ ನಿಲ್ಲುತ್ತದೆ. ಒಳಗೆ ಪೇಸ್ಟಿಂಗ್ ಬೇರೆ. ಅಂಥವರಿಗೆ ಹೊಸದು ಹೊಲಿಸಿಕೊಳ್ಳಿ ಸಾರ್ ಅಂತ ಹೇಳಿ ಮಾಸ್ಟರ್ ಅಂಗಡಿಗೇ ಕಳಿಸುತ್ತೇನೆ. ಅವರಿಗೂ ನನ್ನ ಮೇಲಿದ್ದ ಮುನಿಸು ಕಡಿಮೆಯಾಗಿದೆ.

ಸದ್ಯ ಒಂದು ಮೆಲ್ಟನ್ ಓವರ್‌ಕೋಟ್ ಬಂದಿದೆ, ಮೂಡಿಗೆರೆ ಕಡೆಯ ತೋಟದವರದು. ದಪ್ಪ ಬಟ್ಟೆ, ಕತ್ತರಿಸಿದರೂ ಅಂಚು ಎಳೆ ಬಿಡಲ್ಲ. ಇದನ್ನು ತಿರುವಬೇಕಾ, ಗಿಡ್ಡ ಮಾಡಿ ಅಂಚು ಹಾಗೇ ಬಿಡಬೇಕಾ, ಇನ್ನೂ ತೀರ್ಮಾನಿಸಿಲ್ಲ. ಈ ಮಳೆಯಲ್ಲಂತೂ ಬಿಚ್ಚಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿದರೂ ಕೈಗೆ ಒಣಗಿದ ಹಾಗೇ ಇರುತ್ತದೆ. ಜುಲೈನಲ್ಲಿ ತೆಗೆದ ಅಳತೆ ಡಿಸೆಂಬರಿಗೆ ಸರಿ ಕೂರುವುದಿಲ್ಲ. ದಸರಾ ಕಳೆಯಲಿ ಅಂತ ಅವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ, ಐನೂರು ಅಡ್ವಾನ್ಸೂ ಕೊಟ್ಟಿದ್ದಾರೆ.