ಸ್ಟೋಯಿಕ್ ಆಗಿದ್ದುಕೊಂಡೇ ದುಡ್ಡು ಮಾಡುವುದು ಹೇಗೆ?

ಒಳ್ಳೆಯ ಗುಣವೊಂದೇ ನಿಜವಾದ ಸಂಪತ್ತು ಅಂದ ಹಳೆಯ ಗ್ರೀಕ್-ರೋಮನ್ ತತ್ವಜ್ಞಾನಿಗಳು ಸ್ಟೋಯಿಕ್‌ಗಳು. ಅವರು ದುಡ್ಡು ಬೇಡ ಅಂದವರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ. ರೋಮಿನ ಸ್ಟೋಯಿಕ್ ಸೆನೆಕಾ ಅಂತೂ ಭಾರೀ ಕುಳ. ನಾಲ್ಕೇ ವರ್ಷದಲ್ಲಿ 30 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಗುಡ್ಡೆ ಹಾಕಿದ್ದು ಯಾವ ತತ್ವಜ್ಞಾನದಿಂದ ಅಂತ ಅವನ ವೈರಿಯೊಬ್ಬ ಕ್ರಿ.ಶ. 58ರಲ್ಲಿ ಕೆಣಕಿದ್ದ.

ಸ್ಟೋಯಿಕ್‌ಗಳ ಲೆಕ್ಕದಲ್ಲಿ ದುಡ್ಡು ಆರೋಗ್ಯದ ಹಾಗೆ. ಸಿಕ್ಕರೆ ಬೇಡ ಅನ್ನಬೇಕಿಲ್ಲ. ಆದರೆ ಬಂದರೆ ನೀವು ಒಳ್ಳೆಯವರಾಗುವುದಿಲ್ಲ, ಹೋದರೆ ಕೆಟ್ಟವರಾಗುವುದಿಲ್ಲ. ಬಂಡವಾಳಶಾಹಿ ಹೇಳುವುದು ಇದರ ಉಲ್ಟಾ: ಎಷ್ಟು ಗಳಿಸುತ್ತೀರೋ ಅಷ್ಟೇ ನೀವು. ಜಗಳ ಇರುವುದು ಇಲ್ಲಿ, ಗಳಿಕೆಯಲ್ಲಿ ಅಲ್ಲ.

ಹಾಗಾದರೆ ಮಾಡುವುದೇನು? ಮೊದಲು ಬೆಲೆ ಕೇಳಿ. ಗುಲಾಮನಾಗಿ ಹುಟ್ಟಿದ ಸ್ಟೋಯಿಕ್ ಎಪಿಕ್ಟೀಟಸ್ ಸೊಪ್ಪಿನ ಉದಾಹರಣೆ ಕೊಡುತ್ತಾನೆ. ಲೆಟ್ಯೂಸ್‌ಗೆ ಒಂದು ಓಬಲ್, ಅಂದರೆ ಒಂದು ಚಿಲ್ಲರೆ ಕಾಸು. ಪಕ್ಕದವನು ಕಾಸು ಕೊಟ್ಟ, ಸೊಪ್ಪು ತಗೊಂಡ. ನೀವು ಕೊಡಲಿಲ್ಲ, ಸೊಪ್ಪಿಲ್ಲ. ಆದರೆ ಕಾಸು ನಿಮ್ಮ ಹತ್ತಿರವೇ ಇದೆಯಲ್ಲ! ನನಗೊಮ್ಮೆ ಬಡ್ತಿ ತಪ್ಪಿತ್ತು. ಸಿಕ್ಕವನು ಎರಡು ವರ್ಷ ಬಾಸ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಭಾನುವಾರಗಳನ್ನೂ ಆಫೀಸಿಗೇ ಬರೆದುಕೊಟ್ಟಿದ್ದ. ವಾರಗಟ್ಟಲೆ ಹೊಟ್ಟೆ ಉರಿದುಕೊಂಡೆ. ಆಮೇಲೆ ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ, ಅವನಿಗೆ ಸಿಕ್ಕಿದ್ದು ಒಂದು ಕಡೆ, ಅವನು ಕೊಟ್ಟಿದ್ದು ಇನ್ನೊಂದು ಕಡೆ ಬರೆದೆ. ಅಷ್ಟು ಕೊಡಲು ನಾನು ತಯಾರೇ ಇರಲಿಲ್ಲ, ಸರಕು ಮಾತ್ರ ಬಿಟ್ಟಿ ಬೇಕಿತ್ತು! ಹೊಸ ಕೆಲಸವೋ ಬಿಸಿನೆಸ್ಸೋ ಬಂದಾಗ ಈ ಎರಡು ಕಾಲಂ ಹಾಕಿ. ನಿದ್ದೆ, ಸಮಯ, ಮಾತಿನ ನಿಯತ್ತು ಎಲ್ಲ ಬರೆಯಿರಿ. ಸಂಬಳ ಕೊನೆಗೆ. ಮೊದಲೇ ಬರೆದರೆ ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಪೈಪೋಟಿ. ಹಳೆಯ ಸ್ಟೋಯಿಕ್ ಗುರು ಕ್ರಿಸಿಪಸ್ ಹೇಳಿದ್ದು ಇಷ್ಟೇ: ಓಟಕ್ಕೆ ನಿಂತ ಮೇಲೆ ಗೆಲ್ಲಲು ಜೀವ ಬಿಟ್ಟು ಓಡಿ, ಪಕ್ಕದವನಿಗೆ ಅಡ್ಡಗಾಲು ಕೊಡಬೇಡಿ. ಆದರೆ ಅಡ್ಡಗಾಲು ಅಂದರೆ ಯಾವುದು? ಇದರಲ್ಲಿ ಸ್ಟೋಯಿಕ್‌ಗಳಿಗೇ ಒಮ್ಮತ ಇರಲಿಲ್ಲ. ಅವರ ಒಂದು ಲೆಕ್ಕ ನೋಡಿ. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯ ಸಿಕ್ಕಾಪಟ್ಟೆ ದುಬಾರಿ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ, ಅದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಹೇಳಬೇಕಾ, ಸುಮ್ನೆ ಮಾರಬೇಕಾ? ಬ್ಯಾಬಿಲೋನಿನ ಡಯೋಜಿನಿಸ್, ಕಾನೂನು ಕೇಳಿದಷ್ಟು ಸರಕಿನ ದೋಷ ಹೇಳಿದರೆ ಸಾಕು, ಮಿಕ್ಕ ಸುದ್ದಿ ಹೇಳುವ ಹೊಣೆ ಇಲ್ಲ ಅಂದ. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಅಂದ. ಇವತ್ತಿನ ಮಾರುಕಟ್ಟೆ ನಡೆಯುವುದು ಗುರುವಿನ ಲೆಕ್ಕದಲ್ಲಿ (ಕೆಲವು ಸಲ ಅದೂ ಇಲ್ಲ). ನಾನು ಶಿಷ್ಯನ ಕಡೆ. ನಿಮಗೆ ಗೊತ್ತಿರುವುದು ಗಿರಾಕಿಗೂ ಗೊತ್ತಾದರೆ ಆಗಲೂ ಕೊಳ್ಳುತ್ತಾನಾ ಅಂತ ಕೇಳಿಕೊಳ್ಳಿ. ಇಲ್ಲ ಅನಿಸಿದರೆ ಆ ವ್ಯವಹಾರ ಬಿಡಿ. ಲುಕ್ಸಾನು ಆಗುತ್ತದೆ, ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಆಗಾಗ ಮೂರು ನಾಲ್ಕು ದಿನ ಸಾದಾ ಊಟ, ಒರಟು ಬಟ್ಟೆಯಲ್ಲಿ ಬದುಕಿ ನೋಡಿ ಅಂತ ಸೆನೆಕಾ ಹೇಳುತ್ತಾನೆ. ಮಾಡಿ. ಫೋಟೋ ಮಾತ್ರ ಹಾಕಬೇಡಿ.

ಕೊನೆಯದು, ಸೆನೆಕಾನೇ ಎಡವಿದ ಜಾಗ. ಚಕ್ರವರ್ತಿ ನೀರೋ ಅವನ ಶಿಷ್ಯ, ಗುರುವಿಗೆ ಕೊಟ್ಟಿದ್ದೂ ಜಾಸ್ತಿಯೇ. ಕ್ರಿ.ಶ. 62ರಲ್ಲಿ ಸೆನೆಕಾ, ಎಲ್ಲ ವಾಪಸ್ ತಗೊಂಡು ನನ್ನನ್ನು ಬಿಟ್ಟುಬಿಡು ಅಂತ ಕೇಳಿಕೊಂಡ. ನೀರೋ ನಯವಾಗಿ ಇಲ್ಲ ಅಂದ. 65ರಲ್ಲಿ ಸೆನೆಕಾಗೆ ಸಾಯಲು ಅಪ್ಪಣೆಯಾಯಿತು. ನಿಮ್ಮ ಬಾಸ್ ನೀರೋ ಅಲ್ಲ ಬಿಡಿ. ಆದರೂ ದೊಡ್ಡ ಸಂಬಳ ಅಂತ ದೊಡ್ಡ ಸಾಲ ಮೈಮೇಲೆ ಎಳೆದುಕೊಳ್ಳುವ ಮುಂಚೆ ಲೆಕ್ಕ ಹಾಕಿ: ನಾಳೆ ಒಂದು ಸುಳ್ಳಿಗೆ ಸಹಿ ಹಾಕು ಅಂದರೆ, ಎದ್ದು ಬಂದು ಎಷ್ಟು ತಿಂಗಳು ಕಂತು ಕಟ್ಟಬಹುದು? ನಾನು 12 ತಿಂಗಳ ಖರ್ಚು ಬೇರೆ ತೆಗೆದಿಟ್ಟ ಮೇಲೆಯೇ ಶೇರಿಗೆ ಕೈ ಹಾಕಿದ್ದು.