ಸಿಪಾಯಿ ಮುತ್ತಜ್ಜನ ಜಾಡು ಹಿಡಿಯುವುದು ಹೇಗೆ?

‘ನಮ್ಮ ಮುತ್ತಜ್ಜ ಬಸ್ರಾ ಲಡಾಯಿಗೆ ಹೋಗಿದ್ದನಂತೆ.’ ಪುಣೆ, ಮುಂಬೈಯ ಎಷ್ಟೋ ಕನ್ನಡ ಮನೆಗಳಲ್ಲಿ ಇದೊಂದೇ ಮಾತು ಉಳಿದಿರುತ್ತದೆ. ಬಸ್ರಾ ಇಂದಿನ ಇರಾಕಿನ ಊರು, ಲಡಾಯಿ ಅಂದರೆ ಮೊದಲ ಮಹಾಯುದ್ಧ. ಯಾವ ಪಲ್ಟನ್, ಯಾವ ವರ್ಷ, ತಿರುಗಿ ಬಂದನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಆದರೆ ನಿಮ್ಮ ಮೂಲ ಬೆಳಗಾವಿ, ಧಾರವಾಡ, ವಿಜಯಪುರ ಅಥವಾ ಕಾರವಾರದ ಕಡೆಯಾದರೆ ಒಂದು ಅನುಕೂಲವಿದೆ. ಆ ಜಿಲ್ಲೆಗಳು 1956ರ ತನಕ ಮುಂಬೈ ಸರ್ಕಾರದ ಕೈಯಲ್ಲಿದ್ದವು. ಹಾಗಾಗಿ ಆ ಕಾಲದ ಸರ್ಕಾರಿ ಕಾಗದಗಳನ್ನು ಹುಡುಕಲು ಬೆಂಗಳೂರಿಗೆ ಓಡಬೇಕಿಲ್ಲ. ನೀವಿರುವ ಊರಲ್ಲೇ ಶುರು ಮಾಡಬಹುದು.

ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಈ ಹುಡುಕಾಟದಲ್ಲಿ ಹೆಸರಿಗಿಂತ ನಂಬರ್ ದೊಡ್ಡದು. ಒಂದೇ ಪಲ್ಟನ್ನಿನಲ್ಲಿ ಎಷ್ಟೋ ಜನ ರಾಮಪ್ಪ, ಯಲ್ಲಪ್ಪ ಇರುತ್ತಿದ್ದರು. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದ. ಮನೆತನದ ಅಡ್ಡಹೆಸರು ಎಷ್ಟೋ ಸಲ ಕಾಗದಕ್ಕೆ ಬರಲೇ ಇಲ್ಲ. ಸಿಪಾಯಿ ನಂಬರ್ ಮತ್ತು ಪಲ್ಟನ್, ಇವೆರಡು ಸಿಕ್ಕವೆಂದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಮನೆಯ ಟ್ರಂಕು

ಊರಲ್ಲಿರುವ ಹಿರಿಯ ಕಾಕಾನಿಗೆ, ಅತ್ತೆಗೆ ಫೋನ್ ಮಾಡಿ. ಸುಮ್ನೆ ‘ಏನಾದರೂ ಇದೆಯಾ’ ಅಂತ ಕೇಳಿದರೆ ‘ಇಲ್ಲಪ್ಪಾ’ ಅಂತಾರೆ. ಹೆಸರಿಟ್ಟು ಕೇಳಿ. ಡಿಸ್ಚಾರ್ಜ್ ಬುಕ್ ಇದೆಯಾ? ಅಜ್ಜಿಗೆ ಪೆನ್ಶನ್ ಬರುತ್ತಿತ್ತಾ, ಅದರ ಆರ್ಡರ್ ಕಾಗದ ಇದೆಯಾ? ದೇವರ ಜಗಲಿ ಮೇಲೆ, ಒಡವೆ ಡಬ್ಬಿಯಲ್ಲಿ ಬಿಲ್ಲೆಯಂಥದ್ದು ಏನಾದರೂ? ಯೂನಿಫಾರ್ಮಿನ ಫೋಟೊ? ಫೋಟೊ ಇದ್ದರೆ ಟೋಪಿ ಮತ್ತು ಭುಜದ ಪಟ್ಟಿಯ ಬ್ಯಾಡ್ಜನ್ನು ಮೊಬೈಲ್‌ನಲ್ಲಿ ಹತ್ತಿರದಿಂದ ತೆಗೆದುಕೊಳ್ಳಿ.

ಮೆಡಲ್ ಸಿಕ್ಕರೆ ಅದು ದೊಡ್ಡ ಭಾಗ್ಯ. ಮುಖದ ಮೇಲಿನ ರಾಜನ ಚಿತ್ರ ನೋಡಿ ಇಟ್ಟುಬಿಡಬೇಡಿ. ನಾಣ್ಯವನ್ನು ಹಿಡಿದಂತೆ ಹಿಡಿದು ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬೆಳ್ಳಿ ಮೆಡಲಿನ (ಬ್ರಿಟಿಷ್ ವಾರ್ ಮೆಡಲ್) ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ ನಂಬರ್, ಹುದ್ದೆ, ಹೆಸರು, ಪಲ್ಟನ್ ಕೊರೆದಿರುತ್ತಾರೆ. ಸವೆದಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಗೀರುಗಳ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತವೆ. ಹುಣಸೆಹಣ್ಣು, ಬೂದಿ ಹಾಕಿ ಮಾತ್ರ ತಿಕ್ಕಬೇಡಿ. ಉಳಿದಿರುವ ಅಕ್ಷರವೂ ಹೋಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ನಕ್ಷತ್ರದ ಮೆಡಲುಗಳಲ್ಲಿ ಹೆಸರಿರಲಿಲ್ಲ. ಭಾರತೀಯರಿಗೆ ಕೊಟ್ಟವುಗಳಲ್ಲಿ ಹೆಸರು ಒತ್ತಿರುತ್ತಿದ್ದರು. ಅದಕ್ಕೇ ಹಿಂಭಾಗವನ್ನೂ ನೋಡಿ.

ಮೆಡಲ್ ಕಂಚಿನದಾಗಿದ್ದರೆ ‘ಇದು ಕಡಿಮೆಯದು’ ಅಂದುಕೊಳ್ಳಬೇಡಿ. ಮೊದಲ ಯುದ್ಧದಲ್ಲಿ ಕೂಲಿ ದಳ, ಹೊರೆ ಹೊರುವವರು, ಇಂಥವರಿಗೆ ಅದೇ ಬ್ರಿಟಿಷ್ ವಾರ್ ಮೆಡಲನ್ನು ಕಂಚಿನಲ್ಲಿ ಕೊಟ್ಟರು. ಬಂದೂಕು ಹಿಡಿದವರು ನಡೆದದ್ದು ಇವರು ಹಾಕಿದ ದಾರಿ ಮೇಲೆ. ಇವರ ವಿಷಯವೂ ಅಷ್ಟೇ ಹುಡುಕಿ ಬರೆದಿಡಬೇಕಾದದ್ದು.

ಅಂಗೈಗಿಂತ ಅಗಲವಾದ, ಸಿಂಹ ಮತ್ತು ನಿಂತ ಹೆಂಗಸಿನ ಚಿತ್ರವಿರುವ ಕಂಚಿನ ತಟ್ಟೆ ಮನೆಯಲ್ಲಿದ್ದರೆ ಅವನು ತಿರುಗಿ ಬಂದಿಲ್ಲ ಎಂದೇ ಅರ್ಥ. ಮೊದಲ ಯುದ್ಧದಲ್ಲಿ ಮಡಿದವರ ಮನೆಗೆ ಅದನ್ನು ಕಳಿಸುತ್ತಿದ್ದರು. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ನಂಬರ್, ಹುದ್ದೆ ಇರುವುದಿಲ್ಲ.

ಪಲ್ಟನ್ನಿಗೆ ಎರಡು ಹೆಸರು

1922ರಲ್ಲಿ ಭಾರತೀಯ ಸೇನೆಯ ಪಲ್ಟನ್‌ಗಳ ನಂಬರನ್ನೆಲ್ಲ ಬದಲಿಸಿದರು. ಮೆಡಲಿನ ಮೇಲೆ ‘110 ಮರಾಠಾ’ ಅಂತ ಇದ್ದರೆ ಅದು ಮುಂದೆ 5ನೇ ಮರಾಠಾ ಲೈಟ್ ಇನ್‌ಫಂಟ್ರಿಯ 3ನೇ ಬಟಾಲಿಯನ್ ಆಯಿತು. 103 ಒಂದನೆಯದಾಯಿತು, 117 ಐದನೆಯದಾಯಿತು. ಎರಡೂ ಹೆಸರು ಬರೆದುಕೊಂಡು ಹುಡುಕಿ.

ಈ ಮೂರೂ ಪಲ್ಟನ್ ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದದ್ದು ಆರನೇ ಡಿವಿಜನ್ ಜೊತೆ. ಅದರ ಇನ್ನೊಂದು ಹೆಸರೇ ಪೂನಾ ಡಿವಿಜನ್. ಕುಟ್ ಎಂಬ ಊರಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಅನ್ನವಿಲ್ಲದೆ 1916ರ ಏಪ್ರಿಲ್ 29ರಂದು ಅದು ಶರಣಾಯಿತು. ಸುಮಾರು 13 ಸಾವಿರ ಜನ ಕೈದಾದರು. ನಿಮ್ಮ ಮುತ್ತಜ್ಜ ಈ ಪಲ್ಟನ್‌ಗಳಲ್ಲಿದ್ದರೆ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಇಟ್ಟಿರುವ 1914–18ರ ಯುದ್ಧಕೈದಿಗಳ ಕಾರ್ಡುಗಳನ್ನೂ ನೋಡಿ.

ಲಡಾಯಿಯಲ್ಲಿ ತೀರಿಕೊಂಡಿದ್ದರೆ

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಹುಡುಕಿ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಗೋರಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ ಅದು. ದುಡ್ಡು ಕೊಡಬೇಕಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ತನಕ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ತನಕ ಮಡಿದವರು ಅದರಲ್ಲಿ ಬರುತ್ತಾರೆ. ಹೆಸರಿನಿಂದ ಶುರು ಮಾಡಬೇಡಿ. ನಂಬರ್ ಹಾಕಿ, ಇಲ್ಲವೆಂದರೆ ಪಲ್ಟನ್ ಆರಿಸಿ. ಎಷ್ಟೋ ಸಿಪಾಯಿಗಳ ದಾಖಲೆಯಲ್ಲಿ ತಂದೆ ಅಥವಾ ಹೆಂಡತಿಯ ಹೆಸರು, ಹಳ್ಳಿ, ಜಿಲ್ಲೆ ಇರುತ್ತದೆ. ಊರುಗಳಿಗೆ ಹಳೆ ಸ್ಪೆಲ್ಲಿಂಗ್ ಹಾಕಿ: ಬೆಲ್ಗಾಮ್, ಧಾರ್ವಾರ್, ಬಿಜಾಪುರ್.

ಪುಣೆಯವರು ಮೊದಲು ಖಡಕಿಯ ಯುದ್ಧ ಸ್ಮಶಾನಕ್ಕೆ ಹೋಗುತ್ತಾರೆ. ಹೋಗಿ ಬನ್ನಿ, ನೋಡಲೇಬೇಕಾದ ಜಾಗ. ಎರಡನೇ ಯುದ್ಧದ 1,668 ಗೋರಿಗಳಿವೆ. ಆದರೆ ಹಿಂದೂ ಸಿಪಾಯಿಗಳನ್ನು ಸುಡುತ್ತಿದ್ದರು, ಅವರಿಗೆ ಗೋರಿ ಸಿಗುವುದು ಅಪರೂಪ. ಅವರಿಗಿರುವುದು ಸ್ಮಾರಕದ ಕಲ್ಲಿನ ಮೇಲಿನ ಹೆಸರು. ಅದೂ ಎಲ್ಲರಿಗಿಲ್ಲ. ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರು ಕೊರೆದರು, ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ ಕೆಳಗೆ ಇಷ್ಟು ಜನ ಅಂತ ಬರೀ ಸಂಖ್ಯೆಯಲ್ಲಿ ಬರೆದರು. ಓದಿದಾಗ ಹೊಟ್ಟೆ ಉರಿಯುತ್ತದೆ, ಅಲ್ವಾ? ಕಲ್ಲಿನ ಮೇಲಿಲ್ಲದ ಹೆಸರು ಕಮಿಷನ್ನಿನ ರಿಜಿಸ್ಟರಿನಲ್ಲಿ ಇರಬಹುದು. ವೆಬ್‌ಸೈಟ್‌ನಲ್ಲಿ ತಪ್ಪದೆ ನೋಡಿ.

ಅಜ್ಜ ಹಡಗಿನ ಮೇಲಿದ್ದನಾ? ಕಾರವಾರ, ಮಂಗಳೂರು ಕಡೆಯ ಮನೆಗಳಲ್ಲಿ ಹೀಗೆ ಕೇಳಿ. ಮುಂಬೈಯ ಮಸ್ಜಿದ್ ಬಂದರ್‌ನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ ಮೊದಲ ಯುದ್ಧದಲ್ಲಿ ಸಮುದ್ರಪಾಲಾದ ಎರಡು ಸಾವಿರಕ್ಕೂ ಜಾಸ್ತಿ ನಾವಿಕರ ಸ್ಮಾರಕವಿದೆ.

ತಿರುಗಿ ಬಂದಿದ್ದರೆ

ಇದು ನಿಜಕ್ಕೂ ಕಷ್ಟದ ದಾರಿ. ಸತ್ತವರಿಗೆ ಪಟ್ಟಿ ಇದೆ, ಬದುಕಿ ಬಂದವರಿಗೆ ಹಾಗೆ ಒಂದೇ ಪಟ್ಟಿ ಇಲ್ಲ. ಪಲ್ಟನ್ನಿನ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಬೇಕು. ಮರಾಠಾ ಲೈಟ್ ಇನ್‌ಫಂಟ್ರಿಗೆ ಬೆಳಗಾವಿ, ಬಾಂಬೆ ಸ್ಯಾಪರ್ಸ್‌ಗೆ (ಸೇನೆಯ ಎಂಜಿನಿಯರ್ ದಳ) ಪುಣೆಯ ಖಡಕಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು. ನಂಬರ್, ಹೆಸರು, ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಅಂದಾಜು ವರ್ಷ, ನಿಮಗೆ ಅವರು ಏನಾಗಬೇಕು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ನಿಮ್ಮ ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ. ‘ಶೀಟ್ ರೋಲ್’ ಇದೆಯೇ ಅಂತ ಅದೇ ಶಬ್ದ ಬಳಸಿ ಕೇಳಿ. ಸಿಪಾಯಿಯ ನೌಕರಿಯ ಪೂರ್ತಿ ವಿವರ ಇರುವ ಕಾಗದ ಅದು. ಎಲ್ಲರದೂ ಉಳಿದಿಲ್ಲ, ಆದರೂ ಕೇಳದೆ ಬಿಡಬೇಡಿ. ಊರಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ.

ಊರಿಗೆ ಹೋದಾಗ ಹೊಲದ ಹಳೆ ಉತಾರ ತೆಗೆಸಿ. ಕೆಲವು ಸಿಪಾಯಿಗಳಿಗೆ ಸರ್ಕಾರ ಜಮೀನು ಕೊಟ್ಟಿತ್ತು, ಆ ಗುರುತು ಅಲ್ಲಿ ಸಿಗಬಹುದು. ಚಾವಡಿ, ಗುಡಿ, ಶಾಲೆಯ ಗೋಡೆಯನ್ನೂ ನೋಡಿ. ‘ಈ ಹಳ್ಳಿಯಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು’ ಎಂಬ ಕಲ್ಲನ್ನು ಎಷ್ಟೋ ಹಳ್ಳಿಗಳಲ್ಲಿ ಹಾಕಿದ್ದರು. ಸುಣ್ಣ ಬಳಿದು ಮುಚ್ಚಿರಬಹುದು.

ಮುಂಬೈ, ಪುಣೆಯ ಕಪಾಟುಗಳು

ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇರುವುದು ಮುಂಬೈಯ ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ. ಹೋಗಿ ಅಜ್ಜನ ಹೆಸರು ಹೇಳಿದರೆ ಏನೂ ಸಿಗುವುದಿಲ್ಲ. ಇಲಾಖೆ ಮತ್ತು ವರ್ಷ ಹೇಳಬೇಕು. ಜಮೀನಿನ ವಿಷಯಕ್ಕೆ ರೆವಿನ್ಯೂ ಇಲಾಖೆಯ ಸೂಚಿ ಕೇಳಿ. 1895ಕ್ಕೆ ಮೊದಲಿನ ಸಿಪಾಯಿಯಾದರೆ ಮಾತು ಬೇರೆ, ಆಗ ಬಾಂಬೆ ಸೈನ್ಯವೇ ಪ್ರತ್ಯೇಕವಾಗಿತ್ತು, ಅವನ ಸುಳಿವು ಇಲ್ಲೇ ಸಿಗಬಹುದು.

ಮನೆಯಲ್ಲಿ ಸಿಕ್ಕ ಕಾಗದ ಮೋಡಿ ಲಿಪಿಯಲ್ಲಿದ್ದರೆ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಎಸೆಯಬೇಡಿ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ವಿಚಾರಿಸಿದರೆ ಓದಬಲ್ಲವರು ಸಿಗುತ್ತಾರೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಎಂಬ ಪೋರ್ಟಲ್‌ನಲ್ಲಿ ದೆಹಲಿಯ ಸ್ಕ್ಯಾನ್ ಮಾಡಿದ ಕಡತಗಳನ್ನು ಮನೆಯಲ್ಲೇ ಕೂತು ಓದಬಹುದು.

ಹಳೆ ಮೈಸೂರಿನವರಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರವೇ ದಾರಿ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಇಂದಿನ ಇಸ್ರೇಲ್) ಕಾದಿದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳ ಮಹಾರಾಜರ ಸೈನ್ಯ. ಮಂಗಳೂರು, ಬಳ್ಳಾರಿ ಕಡೆಯವರು ಮದರಾಸಿನತ್ತ ನೋಡಬೇಕು.

ಎಲ್ಲಿಯೂ ಹೆಸರಿಲ್ಲದಿದ್ದರೆ

ಕೈಬಿಡಬೇಡಿ. ಮೊದಲ ಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಜನರ ಹೆಸರು, ಬಹುಶಃ ಮೂರೂವರೆ ಲಕ್ಷದಷ್ಟು ಜನರದ್ದು, ಯಾವ ಸ್ಮಾರಕದಲ್ಲೂ ಬರಲಿಲ್ಲ ಎಂದು ವಾರ್ ಗ್ರೇವ್ಸ್ ಕಮಿಷನ್ನೇ 2021ರಲ್ಲಿ ಒಪ್ಪಿಕೊಂಡಿದೆ. ಅದರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ, ಈಜಿಪ್ಟಿನವರು, ಆದರೆ ಅವರಷ್ಟೇ ಅಲ್ಲ. ಬಿಟ್ಟುಹೋದ ಹೆಸರನ್ನು ಸೇರಿಸಲು, ತಪ್ಪಾದ ಹೆಸರನ್ನು ತಿದ್ದಲು ಕಮಿಷನ್ನಿಗೆ ಆಧಾರದ ಜೊತೆ ಬರೆಯಬಹುದು. ಮೆಡಲಿನ ಅಂಚಿನ ಫೋಟೊ, ಪೆನ್ಶನ್ ಕಾಗದ, ಸಾವಿನ ಸುದ್ದಿ ತಂದ ಪತ್ರ, ಹಳ್ಳಿಯ ಕಲ್ಲಿನ ಫೋಟೊ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿ. ಮೂಲ ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ.